ರೊಟ್ಟಿಯ ಡಬ್ಬಿಗೆ ಕಾಲೇಜಿನಲ್ಲಿ ಜಾಗವೆಲ್ಲಿ?

ಹಳಗನ್ನಡ ಕಾವ್ಯಗಳನ್ನೂ ವೀರಗಲ್ಲಿನ ಶಾಸನಗಳನ್ನೂ ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ 'ಜೋಳವಾಳಿ' ಎಂಬ ಮಾತು ಹೊಸದಲ್ಲ. ಒಡೆಯನ ಜೋಳವನ್ನುಂಡವನು ಆ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ನಿಷ್ಠೆಗೆ ಆ ಹೆಸರು. ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯಲು ಕೇಳಿದರೆ ಬಹುಮಂದಿ ಇದನ್ನು ಸರಿಯಾಗಿಯೇ ಬರೆಯುತ್ತಾರೆ. ಆದರೆ ಆ ಮಾತಿನೊಳಗೆ ಅಡಗಿರುವ ಇನ್ನೊಂದು ಸಂಗತಿ ಉತ್ತರಪತ್ರಿಕೆಗಳಲ್ಲಿ ಕಾಣುವುದು ಅಪರೂಪ. ಋಣ ಹುಟ್ಟುವುದು ಉಂಡ ಮೇಲೆ. ಮೊದಲು ಉಣಿಸುವ ಹೊಣೆ ಒಡೆಯನದು. ಆಮೇಲಷ್ಟೇ ಬಂಟನ ನಿಷ್ಠೆಯ ಪ್ರಶ್ನೆ. ಇಂದಿನ ಕಾಲೇಜುಗಳು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿವೆ. ಹಾಜರಿ, ಶಿಸ್ತು, ಫಲಿತಾಂಶ, ಕ್ರೀಡಾಕೂಟದಲ್ಲಿ ಪದಕ, ಇವೆಲ್ಲವನ್ನೂ ಅವು ವಿದ್ಯಾರ್ಥಿಗಳಿಂದ ಬಯಸುತ್ತವೆ. ಆ ವಿದ್ಯಾರ್ಥಿ ಬೆಳಿಗ್ಗೆ ಏನನ್ನು ಉಂಡು ಬಂದಿದ್ದಾನೆ, ಮಧ್ಯಾಹ್ನ ಎಲ್ಲಿ ಕುಳಿತು ಉಣ್ಣುತ್ತಾಳೆ ಎಂಬುದನ್ನು ಕೇಳುವುದಿಲ್ಲ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಹಳ್ಳಿಗಳಿಂದ ಪೇಟೆಯ ಕಾಲೇಜಿಗೆ ಬರುವವರ ದಿನಚರಿಯನ್ನು ಒಮ್ಮೆ ನೋಡಬೇಕು. ಕನ್ನಡ ವಿಭಾಗದ ಬೆಂಚುಗಳಲ್ಲಿ ಕುಳಿತವರಲ್ಲಿ ಹೆಚ್ಚಿನವರು ಇಂಥವರೇ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ ಮಾತಾಡುತ್ತ ಬೆಳೆದವರು. ಮೊದಲ ತಾಸು ಎಂಟಕ್ಕೋ ಎಂಟೂವರೆಗೋ ಇದ್ದರೆ ಎಸ್.ಟಿ. ಬಸ್ಸನ್ನು ಆರೂವರೆಗೆ ಹಿಡಿಯಬೇಕು. ಅಷ್ಟು ಹೊತ್ತಿಗೆ ಒಲೆ ಹೊತ್ತಿರುತ್ತದೆ, ರೊಟ್ಟಿ ಆಗಿರುವುದಿಲ್ಲ. ಒಂದು ಕಪ್ಪು ಚಹಾ, ಅದರೊಡನೆ ನಾಲ್ಕು ಬಿಸ್ಕಿಟೋ ಖಾರಿಯೋ ಹೊಟ್ಟೆಗೆ ಹೋದರೆ ಹೆಚ್ಚು. ಹನ್ನೊಂದರ ಹೊತ್ತಿಗೆ ಹಸಿವು ಕಣ್ಣಿಗೆ ಬರುತ್ತದೆ. ಕಾಲೇಜಿನ ಗೇಟಿನ ಹೊರಗೆ ವಡಾಪಾವ, ಸಮೋಸಾ, ಮಂಚೂರಿಯ ಗಾಡಿ, ಪುಟ್ಟ ಪ್ಲಾಸ್ಟಿಕ್ ಚೀಟುಗಳಲ್ಲಿ ತೂಗುವ ಕುರುಕಲು ತಿಂಡಿ. ಹದಿನೈದು ಇಪ್ಪತ್ತು ರೂಪಾಯಿಗೆ ಹಸಿವು ಅಡಗುತ್ತದೆ, ಊಟವಾಗುವುದಿಲ್ಲ. ತಾಸುಗಳು ಮುಗಿದು, ಮಧ್ಯಾಹ್ನದ ಬಸ್ಸು ಸಿಕ್ಕು, ಮನೆಯ ತಾಟಿನ ಮುಂದೆ ಕೂಡುವುದು ಮೂರಕ್ಕೋ ನಾಲ್ಕಕ್ಕೋ. ಹದಿನೆಂಟು ಇಪ್ಪತ್ತರ ದೇಹ, ಹಿಂದಿನ ರಾತ್ರಿಯ ಊಟದಿಂದ ಎಣಿಸಿದರೆ ಹದಿನೆಂಟು ತಾಸುಗಳಷ್ಟು ಕಾಲ ಸರಿಯಾದ ಒಂದು ಊಟವಿಲ್ಲದೆ ಪಾಠ ಕೇಳುತ್ತದೆ. ಛಂದಸ್ಸಿನ ತಾಸಿನಲ್ಲಿ ಹಿಂದಿನ ಸಾಲಿನವರು ತೂಕಡಿಸಿದರೆ ದೋಷವೆಲ್ಲ ಪಿರಿಯಕ್ಕರದ್ದೆಂದು ಹೇಳಲಾಗದು.

ಇವರೇ ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿ ಉಂಡವರು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಆಹಾರ ನೀಡುವ ರಾಷ್ಟ್ರೀಯ ಯೋಜನೆ 1995ರಲ್ಲಿ ಆರಂಭವಾಯಿತು. ಬೇಯಿಸಿದ ಬಿಸಿ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕಾಗಿಸಿತು. ಈ ಹಕ್ಕು ಎಂಟನೆಯ ತರಗತಿಗೆ, ಅಂದರೆ ಹದಿನಾಲ್ಕನೆಯ ವಯಸ್ಸಿಗೆ ನಿಂತುಹೋಗುತ್ತದೆ. ದೇಹ ಇನ್ನೂ ಬೆಳೆಯುತ್ತಿರುವ, ಊರು ಬಿಟ್ಟು ದೂರ ಓದಲು ಹೋಗುವ ವಯಸ್ಸಿನಲ್ಲಿಯೇ ಸರಕಾರದ ಕೈ ಹಿಂದೆ ಸರಿಯುತ್ತದೆ. ಶಾಲೆಗಳ ಸುತ್ತ ಐವತ್ತು ಮೀಟರಿನೊಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಮಾರಬಾರದೆಂಬ ನಿಯಮವನ್ನು ಆಹಾರ ಸುರಕ್ಷಾ ಪ್ರಾಧಿಕಾರ 2020ರಲ್ಲಿ ಮಾಡಿತು. ಅದೂ ಶಾಲೆಗಳಿಗೆ ಮಾತ್ರ. ಕಾಲೇಜುಗಳಿಗೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲಿ ಒಂದು ಸುತ್ತೋಲೆ ಕಳಿಸಿ, ಕ್ಯಾಂಟೀನುಗಳಲ್ಲಿ ಜಂಕ್ ಫುಡ್ ನಿಷೇಧಿಸಬೇಕೆಂದಿತು. 2018ರಲ್ಲಿ ಮತ್ತೆ ನೆನಪಿಸಿತು. ಸುತ್ತೋಲೆಯಿಂದ ವಡೆ ಕರಿಯುವುದು ನಿಂತ ಉದಾಹರಣೆ ಸಿಗುವುದು ಕಷ್ಟ. ನಿಷೇಧಿಸಿದ್ದಕ್ಕೆ ಬದಲಾಗಿ ಅದೇ ಬೆಲೆಗೆ, ಅದೇ ಹೊತ್ತಿಗೆ ಏನು ಸಿಗಬೇಕು ಎಂಬುದನ್ನು ಯಾರೂ ಹೇಳದಿದ್ದರೆ ನಿಷೇಧ ಕಾಗದದಲ್ಲಿಯೇ ಉಳಿಯುತ್ತದೆ.

ಹಿಂದಿನವರು ಇದನ್ನು ಬೇರೆ ರೀತಿಯಲ್ಲಿ ಯೋಚಿಸಿದ್ದರು. ಓದು ಮತ್ತು ಊಟ ಎರಡೂ ಒಂದೇ ಪ್ರಶ್ನೆಯ ಎರಡು ಮಗ್ಗುಲುಗಳೆಂಬುದು ಅವರಿಗೆ ತಿಳಿದಿತ್ತು. ಕನ್ನಡ ನಾಡಿನಲ್ಲಿ ವಾರಾನ್ನ, ಮಹಾರಾಷ್ಟ್ರದಲ್ಲಿ ಮಾಧುಕರಿ. ಎರಡರ ತತ್ತ್ವವೂ ಒಂದೇ, ಊರಿನ ಮನೆಗಳು ಓದುವ ಹುಡುಗನನ್ನು ಹಂಚಿಕೊಂಡು ಸಾಕುವುದು. ಎಸ್.ಎಲ್. ಭೈರಪ್ಪನವರ 'ಭಿತ್ತಿ'ಯನ್ನು ಓದಿದವರಿಗೆ ವಾರಾನ್ನದ ಹಸಿವೂ ಅವಮಾನವೂ ಎಷ್ಟೆಂಬುದು ಗೊತ್ತು. ಆ ಏರ್ಪಾಡಿನಲ್ಲಿ ದೊಡ್ಡದೊಂದು ಬಿರುಕೂ ಇತ್ತು. ಎಲ್ಲ ಜಾತಿಯ ಹುಡುಗರಿಗೂ ಎಲ್ಲ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ, ಹುಡುಗಿಯರ ಮಾತಂತೂ ಬರಲೇ ಇಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳಿಗೆ ವಸತಿಗೃಹಗಳನ್ನು ತೆರೆಯಿಸಿದ್ದು ಆ ಬಾಗಿಲುಗಳನ್ನು ಬಿಚ್ಚಲೆಂದೇ. ಒಂದು ಹೆಜ್ಜೆ ಮುಂದೆ ಹೋದವರು ಕರ್ಮವೀರ ಭಾವೂರಾವ ಪಾಟೀಲರು. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತರು. 1927ರಲ್ಲಿ ಗಾಂಧೀಜಿ ಬಂದು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಅಡುಗೆಮನೆಯಲ್ಲಿ ಕಾಳು ತೀರಿದಾಗ ಭಾವೂರಾಯರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಮಾರಿ ಹುಡುಗರಿಗೆ ಉಣಿಸಿದರು. ಇತ್ತ ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಹತ್ತು ಸಾವಿರದಷ್ಟು ಮಕ್ಕಳಿಗೆ ದಿನಾಲು ಅನ್ನ, ಅಕ್ಷರ ಎರಡನ್ನೂ ಕೊಟ್ಟರು. 'ದಾಸೋಹ' ಎಂಬ ಮಾತನ್ನು ವಚನಗಳ ತಾಸಿನಲ್ಲಿ ಅರ್ಥ ಹೇಳಿ ಮುಗಿಸುವವರು ಈ ಅಡುಗೆಮನೆಗಳನ್ನೂ ಅದರ ವ್ಯಾಖ್ಯಾನಗಳೆಂದು ಓದಿಸಬೇಕು.

ಸೊಲ್ಲಾಪುರದ ಮಟ್ಟಿಗಂತೂ ಈ ಮಾತಿಗೆ ಇನ್ನೂ ಹತ್ತಿರದ ಬೇರಿದೆ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ ಸೊನ್ನಲಿಗೆಯ ಕಥೆ ತಿರುವು ಪಡೆಯುವುದೇ ಹಸಿವಿನಿಂದ. ಹೊಲ ಕಾಯುವ ಹುಡುಗನ ಬಳಿಗೆ ಮಲ್ಲಯ್ಯ ಬರುತ್ತಾನೆ. ಹುಡುಗ ಎಳೆಯ ತೆನೆಯನ್ನು ಸುಟ್ಟು ಕೊಡುತ್ತಾನೆ. ಅಷ್ಟಕ್ಕೆ ತಣಿಯದ ಅತಿಥಿಗಾಗಿ ಮನೆಗೆ ಓಡುತ್ತಾನೆ. ಬರುವಷ್ಟರಲ್ಲಿ ಅತಿಥಿ ಇಲ್ಲ. ಶ್ರೀಶೈಲದವರೆಗೆ ಅವನನ್ನು ಹುಡುಕುತ್ತ ಹೋದ ಆ ಹುಡುಗನೇ ಮುಂದೆ ಊರಿಗೆ ಕೆರೆ ಕಟ್ಟಿಸಿದವನು. ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಲಕ್ಷ ಲಕ್ಷ ಜನ ಸೇರುವ ಈ ಊರಿನಲ್ಲಿ, ಹಸಿದು ಬಂದವರಿಗೆ ಕಾಲೇಜಿನ ಆವರಣದಲ್ಲಿ ಏನೂ ಇಲ್ಲವೆಂದರೆ ವಿಚಿತ್ರವೇ ಸರಿ.

ಊರಿಗೆ ಊರೇ ಉಣ್ಣಿಸಿದ ಇನ್ನೊಂದು ಸಂಸ್ಥೆ ಖಾನಾವಳಿ. ಮರಾಠಿಯ 'ಖಾನಾವಳ' ಕನ್ನಡಕ್ಕೆ ಬಂದು 'ಖಾನಾವಳಿ'ಯಾಗಿ ಹುಬ್ಬಳ್ಳಿ, ವಿಜಯಪುರ, ಕಲಬುರ್ಗಿಗಳಲ್ಲಿಯೂ ಬೇರೂರಿದೆ. ಗಡಿಯ ಎರಡೂ ಕಡೆ ಒಂದೇ ಪದಕ್ಕೆ ಒಂದೇ ವಾಸನೆ, ಹೆಂಚಿನ ಮೇಲೆ ಉಬ್ಬುವ ರೊಟ್ಟಿಯದು. ಸೊಲ್ಲಾಪುರದ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಊರು ಬಿಟ್ಟು ಬಂದ ಕೆಲಸಗಾರರಿಗೆ ಖಾನಾವಳಿಯೇ ಮನೆ. ತಿಂಗಳ ಕೊನೆಗೆ ಲೆಕ್ಕ, ಸಂಬಳವಾಗದಿದ್ದರೆ ಮುಂದಿನ ತಿಂಗಳಿಗೆ ಉದ್ದರಿ. ಮುಂಬಯಿಯಲ್ಲಿ ಇಂಥ ಖಾನಾವಳಿ ನಡೆಸುವ ಹೆಂಗಸರು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದಾಗ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ ಬ್ಯಾಂಕಿನ ಸಾಲ ಕೊಡಿಸಿದರು. ಈ ಇತಿಹಾಸ ಮುಖ್ಯವಾದದ್ದು. ಅಗ್ಗದ ಒಳ್ಳೆಯ ಊಟದ ಹಿಂದೆ ಯಾವಾಗಲೂ ಅಗ್ಗವಾಗಿ ದುಡಿಯುವ ಒಬ್ಬಳು ಹೆಂಗಸು ಇರುತ್ತಾಳೆ. ಅವಳ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಹೆಚ್ಚು ದಿನ ಬಾಳುವುದಿಲ್ಲ.

ಗಿರಣಿಗಳು ಮುಚ್ಚಿದವು, ಖಾನಾವಳಿಗಳು ಕಡಿಮೆಯಾಗಿ 'ಮೆಸ್ಸು'ಗಳಾದವು. ಪೇಟೆಯಲ್ಲಿ ಖೋಲಿ ಹಿಡಿದು ಇರುವ ಹುಡುಗರು ತಿಂಗಳಿಗೆ ಇಷ್ಟೆಂದು ಕೊಟ್ಟು ಮಾವಶಿಯ ಮೆಸ್ಸಿನಲ್ಲಿ ಉಣ್ಣುತ್ತಾರೆ. ಹಲವು ಮೆಸ್ಸುಗಳು ಒಳ್ಳೆಯವೇ. ಆದರೆ ಹಣ ಉಳಿಸಲು ಎರಡು ಹೊತ್ತಿನ ಡಬ್ಬಿಯ ಬದಲು ಒಂದೇ ಹೊತ್ತಿನದನ್ನು ಹಚ್ಚಿ, ಅದನ್ನೇ ಇಬ್ಬರು ಹಂಚಿಕೊಂಡು, ರಾತ್ರಿ ನೂಡಲ್ಸು ಕುದಿಸಿಕೊಳ್ಳುವವರು ಕಡಿಮೆಯಿಲ್ಲ. ಪರೀಕ್ಷೆಯ ತಿಂಗಳಲ್ಲಿ ಮೊದಲು ಕಡಿತವಾಗುವುದು ಪುಸ್ತಕದ ಖರ್ಚು, ಆಮೇಲೆ ಹಾಲು ಮೊಸರು, ಆಮೇಲೆ ಒಂದು ಹೊತ್ತಿನ ಊಟ. ಮೊಬೈಲಿನ ರೀಚಾರ್ಜು ಕಡಿತವಾಗುವುದಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ಅದು ಸುಳ್ಳಲ್ಲ, ಆದರೆ ಈಗ ನೋಟ್ಸು, ಅರ್ಜಿ, ಶಿಷ್ಯವೇತನ, ಹಾಲ್ ಟಿಕೆಟ್ಟು ಎಲ್ಲವೂ ಅದರಲ್ಲಿಯೇ ಬರುವುದರಿಂದ ಅದನ್ನು ಚಟವೆಂದು ತಳ್ಳಿಹಾಕಲಾಗದು.

ಖೋಲಿಯವರಿಗೆ ಊರಿನಿಂದ ಬರುವ ಡಬ್ಬಿ ಒಂದಿದೆ. ನಸುಕಿನಲ್ಲಿ ಅವ್ವ ಕಟ್ಟಿದ ಬುತ್ತಿಯನ್ನು ಅಪ್ಪನೋ ತಮ್ಮನೋ ನಿಲ್ದಾಣಕ್ಕೆ ತಂದು ಎಸ್.ಟಿ. ಬಸ್ಸಿನಲ್ಲಿಡುತ್ತಾರೆ, ಪೇಟೆಯ ನಿಲ್ದಾಣದಲ್ಲಿ ಮಗನೋ ಮಗಳೋ ಕಾದು ನಿಂತು ಇಳಿಸಿಕೊಳ್ಳುತ್ತಾರೆ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತದೆ. ಮಹಾರಾಷ್ಟ್ರದ ಹಳ್ಳಿಗಾಡಿನ ಎಷ್ಟೋ ಮಂದಿಯ ಓದು ಈ ಡಬ್ಬಿಯ ಮೇಲೆ ನಡೆದಿದೆ. ಇಷ್ಟು ದೂರ ಇಷ್ಟು ನಂಬಿಕೆಯಿಂದ ಅನ್ನವನ್ನು ಸಾಗಿಸುವ ಏರ್ಪಾಡನ್ನು ಯಾವ ವ್ಯವಸ್ಥಾಪನಾ ಶಾಸ್ತ್ರದ ಪಂಡಿತನೂ ಕಟ್ಟಿಕೊಡಲಿಲ್ಲ. ಡ್ರೈವರು ಕಂಡಕ್ಟರುಗಳ ಒಳ್ಳೆಯತನವೂ ತಾಯಂದಿರ ನಸುಕಿನ ನಿದ್ದೆಯೂ ಸೇರಿ ಕಟ್ಟಿದ್ದು. ಬಸ್ಸು ತಪ್ಪಿದ ದಿನ ಉಪವಾಸ ಎಂಬುದೊಂದೇ ಅದರ ಕೊರತೆ.

ಡಬ್ಬಿ ಬಂತು ಎನ್ನೋಣ. ಅದನ್ನು ಬಿಚ್ಚುವುದೆಲ್ಲಿ? ಗ್ರಂಥಾಲಯವಿದೆ, ವ್ಯಾಯಾಮಶಾಲೆಯಿದೆ, ಗಣಕಯಂತ್ರಗಳ ತಂಪು ಕೋಣೆಯಿದೆ, ಮಾನ್ಯತಾ ಸಮಿತಿಯವರು ಬಂದಾಗ ಅವರಿಗೆ ಉಪಹಾರ ಬಡಿಸಲು ಚೊಕ್ಕ ಮೇಜುಗಳೂ ಇವೆ. ವಿದ್ಯಾರ್ಥಿಗಳು ಕುಳಿತು ಮನೆಯ ಬುತ್ತಿ ಉಣ್ಣುವುದಕ್ಕೆ ಒಂದು ಕೋಣೆ, ಕೈ ತೊಳೆಯಲು ನಲ್ಲಿ, ಕುಡಿಯಲು ಶುದ್ಧ ನೀರು ಇರುವ ಕಾಲೇಜುಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಕ್ಯಾಂಟೀನಿನ ಮೇಜು ಅಲ್ಲಿ ಕೊಂಡು ತಿನ್ನುವವರಿಗೆ. ಹುಡುಗರು ಬೇವಿನ ಮರದ ಕೆಳಗೆ, ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಾರು. ಹುಡುಗಿಯರಿಗೆ ಅದೂ ಇಲ್ಲ. ಅವರ ಕೋಣೆ ಎಂಬುದೊಂದು ಇದ್ದರೆ ಅದರಲ್ಲಿ ನಾಲ್ಕು ಕುರ್ಚಿ. ಶೌಚಾಲಯದ ಸ್ಥಿತಿಗೆ ಹೆದರಿ ದಿನವಿಡೀ ನೀರನ್ನೇ ಕುಡಿಯದ ಹುಡುಗಿಯರಿದ್ದಾರೆ. ಇದು ಆಹಾರದ ಪ್ರಶ್ನೆಯಲ್ಲವೆಂದು ಹೇಳುವವರು ಒಂದು ಬೇಸಿಗೆಯ ದಿನ ಸೊಲ್ಲಾಪುರದಲ್ಲಿ ಹಾಗೆ ಕಳೆದು ನೋಡಬೇಕು.

ಜಾಗದ ಕೊರತೆಗಿಂತ ಆಳವಾದದ್ದು ಸಂಕೋಚ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಇರುವ ಡಬ್ಬಿಯನ್ನು ಅರ್ಧ ಮುಚ್ಚಳ ತೆರೆದು, ಮುಚ್ಚಳವನ್ನೇ ಮರೆಮಾಡಿಕೊಂಡು ಉಣ್ಣುವ ಹುಡುಗಿಯರನ್ನು ಯಾವ ಕಾಲೇಜಿನಲ್ಲಿಯೂ ಕಾಣಬಹುದು. ಪಕ್ಕದವಳು ಪಾವಭಾಜಿ ತಂದಿದ್ದರೆ ಮುಚ್ಚಳ ಇನ್ನಷ್ಟು ಏಳುತ್ತದೆ. ಕರಿದದ್ದು ಪೇಟೆಯದು, ಸುಟ್ಟದ್ದು ಹಳ್ಳಿಯದು; ಕೊಂಡದ್ದು ಮುಂದುವರಿದದ್ದು, ಕಟ್ಟಿಕೊಂಡು ಬಂದದ್ದು ಹಿಂದುಳಿದದ್ದು. ಮನೆಯ ಕನ್ನಡವನ್ನು ತರಗತಿಯಲ್ಲಿ ನುಂಗಿಕೊಳ್ಳುವ ಸಂಕೋಚಕ್ಕೂ ಇದಕ್ಕೂ ರಕ್ತಸಂಬಂಧವಿದೆ. ಮರಾಠಿ ಮಾತಾಡುವ ಗೆಳತಿಯ ಡಬ್ಬಿಯಲ್ಲಿಯೂ ಇರುವುದು ಅದೇ ರೊಟ್ಟಿಯೇ, ಹೆಸರು ಮಾತ್ರ ಭಾಕರಿ, ಎಂಬುದನ್ನು ಕಂಡುಕೊಳ್ಳುವಷ್ಟು ಹೊತ್ತು ಇಬ್ಬರೂ ಒಟ್ಟಿಗೆ ಕೂಡುವುದಿಲ್ಲ.

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಪಠ್ಯವಾಗಿ ಓದಿದವರಿಗೆ ಈ ಮೇಲು ಕೀಳಿನ ವಾದ ಪರಿಚಿತ. ವ್ರಿಹಿ ತಾನು ದೇವರ ನೈವೇದ್ಯ, ಶ್ರೀಮಂತರ ಊಟ ಎಂದು ಬೀಗುತ್ತದೆ. ನರೆದಲಗ ತಾನು ಬರಗಾಲದಲ್ಲಿ ಬಡವರನ್ನು ಕಾಯುವವನೆನ್ನುತ್ತದೆ. ರಾಮನು ತೀರ್ಪು ಕೊಡುವುದು ಮಾತಿನ ಜಾಣ್ಮೆಯನ್ನು ನೋಡಿ ಅಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ಕೆಡದೆ ಉಳಿಯಿತೆಂದು ನೋಡಿ. ಈ ಪರೀಕ್ಷೆಯ ವಿವೇಕ ಗಮನಿಸತಕ್ಕದ್ದು. ವಿದ್ಯುತ್ತಿಲ್ಲದೆ, ಶೀತಪೆಟ್ಟಿಗೆಯಿಲ್ಲದೆ, ರಾಸಾಯನಿಕವಿಲ್ಲದೆ ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಕನಕದಾಸರ ರಾಮನ ಮುಂದೆ ನಿಂತಿದ್ದರೆ ಅದಕ್ಕೂ ಒಂದು ಬಿರುದು ಸಿಗುತ್ತಿತ್ತು. 'ಸುಸ್ಥಿರ ಆಹಾರ' ಎಂಬ ಹೊಸ ಪರಿಭಾಷೆಯನ್ನು ಸೆಮಿನಾರುಗಳಲ್ಲಿ ಕೇಳಿ ಬೆರಗಾಗುವವರು ಅಜ್ಜಿಯ ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಜೋಡಿಸಿಟ್ಟ ರೊಟ್ಟಿಗಳನ್ನು ಒಮ್ಮೆ ನೋಡಬೇಕು.

ಜೋಳದ ಮಾತು ಬಂದಮೇಲೆ ಮಣ್ಣಿನ ಮಾತೂ ಬರಬೇಕು. ಎರೆಭೂಮಿಯಲ್ಲಿ ಹಿಂಗಾರಿನ ಜೋಳ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತನೆಯಾಗಿ, ನೆಲದೊಳಗಿನ ತೇವವನ್ನು ಕುಡಿದೇ ಬೆಳೆಯುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ. ಇಡೀ ದಖ್ಖನಿನಲ್ಲಿ ಹಬ್ಬಿದ ಎಂ 35-1 ತಳಿ ಇದೇ ಜಿಲ್ಲೆಯ ಮೋಹೋಳದಲ್ಲಿ ಮಾಲದಂಡಿ ಜೋಳದಿಂದ ಆರಿಸಿ ತೆಗೆದದ್ದು. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವಾಡವೇ ಅದು. ಬರಗಾಲದಲ್ಲಿ ಬಾದಶಹನ ಕಣಜವನ್ನು ಬಡವರಿಗೆ ಬಿಚ್ಚಿಟ್ಟ ದಾಮಾಜಿ ಪಂತರ ಕಥೆಯೂ ಆ ಊರಿನದೇ. ಅಂಥ ನೆಲದಲ್ಲಿ ಈಗ ಕಬ್ಬು, ಸಕ್ಕರೆ ಕಾರಖಾನೆ, ದಾಳಿಂಬೆ. ರೈತನನ್ನು ದೂರುವಂತಿಲ್ಲ, ಜೋಳ ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಪಡಿತರದ ಅಂಗಡಿಯಲ್ಲಿ ದಶಕಗಳಿಂದ ಸಿಕ್ಕಿದ್ದು ಮುಖ್ಯವಾಗಿ ಅಕ್ಕಿ ಗೋಧಿ. ಹೀಗಾಗಿ ಬೆಳೆಯುವ ಊರಿನಲ್ಲಿಯೇ ಜೋಳ ತುಟ್ಟಿ, ದೂರದಿಂದ ಬರುವ ಅಕ್ಕಿ ಅಗ್ಗ. ಮಹಾರಾಷ್ಟ್ರ ಸರಕಾರ 2020ರ ಜನವರಿ 26ರಂದು ಹತ್ತು ರೂಪಾಯಿಯ ಶಿವಭೋಜನ ತಾಟನ್ನು ಆರಂಭಿಸಿದಾಗ ಅದರಲ್ಲಿ ಇದ್ದದ್ದು ಎರಡು ಚಪಾತಿ, ಒಂದು ಪಲ್ಯ, ಬೇಳೆ, ಅನ್ನ. ಯೋಜನೆ ಒಳ್ಳೆಯದು, ಜೋಳದ ಸೀಮೆಯ ತಾಟಿನಲ್ಲಿ ರೊಟ್ಟಿಯಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ವರ್ಷ ಕಾಲೇಜುಗಳಲ್ಲಿ ಭಿತ್ತಿಪತ್ರ ಸ್ಪರ್ಧೆಗಳು ನಡೆದವು.

ಹಾಗೆಂದು ರೊಟ್ಟಿಯ ಭಜನೆಯನ್ನಷ್ಟೇ ಮಾಡುತ್ತ ಕೂಡುವುದೂ ಸರಿಯಲ್ಲ. ಅಕ್ಕಲಕೋಟೆ ತಾಲೂಕಿನ ಹನ್ನೂರಿನವರಾದ ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥೆ 'ಅಕ್ಕರಮಾಶಿ'ಯನ್ನು ಓದಿದವರಿಗೆ ಭಾಕರಿ ಎಂಬ ಪದದ ಸುತ್ತ ಎಷ್ಟು ಹಸಿವು, ಎಷ್ಟು ಅಪಮಾನ ಮಡುಗಟ್ಟಿದೆ ಎಂಬುದು ಗೊತ್ತು. 1972ರ ಬರದಲ್ಲಿ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳವನ್ನು ನುಂಗಿ ಬದುಕಿದ ಹಿರಿಯರು ಈ ಭಾಗದ ಪ್ರತಿ ಹಳ್ಳಿಯಲ್ಲಿದ್ದಾರೆ. ಬೇರೆ ಗತಿಯಿಲ್ಲದೆ ಒಣರೊಟ್ಟಿ ಉಂಡವರ ಮಕ್ಕಳಿಗೆ ಅನ್ನ ಚಪಾತಿಗಳು ಘನತೆಯ ಗುರುತಾದರೆ ಅದನ್ನು ಅಜ್ಞಾನವೆಂದು ಹೀಗಳೆಯುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ.

ರೊಟ್ಟಿಯೊಂದೇ ಪೂರ್ಣ ಆಹಾರವೂ ಅಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಅಷ್ಟೇ ಪ್ರೋಟೀನು, ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಬ್ಬಿಣ 1 ಮಿಲಿಗ್ರಾಮಿಗೂ ಕಡಿಮೆ. ಆದರೂ ಹಿಂಡಿ ರೊಟ್ಟಿಯಷ್ಟನ್ನೇ ಉಂಡು, ಮೇಲೆ ಚಹಾ ಕುಡಿದರೆ ಆ ಕಬ್ಬಿಣದ ಬಹುಪಾಲು ದೇಹಕ್ಕೆ ಹತ್ತುವುದಿಲ್ಲ. ಮಡಕಿಕಾಳು, ಹೆಸರುಕಾಳು, ಮೆಂತೆ ರಾಜಗಿರಿಗಳ ಪಲ್ಯ, ಒಂದು ಹೋಳು ಲಿಂಬೆ, ಒಂದು ಬಟ್ಟಲು ಮೊಸರು, ತಿನ್ನುವವರಿಗೆ ಮೊಟ್ಟೆ ಜೊತೆಗಿರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31. ಐದು ಮಂದಿ ವಿದ್ಯಾರ್ಥಿನಿಯರು ಕುಳಿತ ಬೆಂಚಿನಲ್ಲಿ ಮೂವರು ಎಂದು ಇದನ್ನು ಓದಬೇಕು. ತಲೆ ತಿರುಗಿ ಬಿದ್ದವಳಿಗೆ ಗ್ಲುಕೋಸ್ ನೀರು ಕೊಟ್ಟು ಮನೆಗೆ ಕಳಿಸಿ, ಹಾಜರಿಯಲ್ಲಿ ಗೈರು ಬರೆದುಕೊಳ್ಳುವುದು ಉಪಾಯವಲ್ಲ.

ಕಾಲೇಜು ಇರುವುದು ಓದಿಗಾಗಿ, ಅದು ಅನ್ನಛತ್ರವಲ್ಲ ಎಂಬ ಆಕ್ಷೇಪ ಬರುತ್ತದೆ. ಅನ್ನಛತ್ರ ತೆರೆಯಿರೆಂದು ಯಾರೂ ಕೇಳುತ್ತಿಲ್ಲ. ಕೇಳಬೇಕಾದದ್ದು ಬಹಳ ಸಣ್ಣದು, ಅದಕ್ಕೇ ಅದು ಆಗದಿರುವುದು ಹೆಚ್ಚು ನಾಚಿಕೆಯದು. ಮೊದಲನೆಯದಾಗಿ, ವೇಳಾಪಟ್ಟಿಯಲ್ಲಿ ಮುಟ್ಟಲಾಗದ ಅರ್ಧ ತಾಸು. ಈಗ ಬಿಡುವು ಎಂದು ಬರೆದ ಹತ್ತು ಹದಿನೈದು ನಿಮಿಷ ಹೆಚ್ಚುವರಿ ತಾಸಿಗೋ ಎನ್.ಸಿ.ಸಿ.ಯ ಕವಾಯತಿಗೋ ಬಲಿಯಾಗುತ್ತದೆ. ಆ ಹೊತ್ತಿನಲ್ಲಿ ಉಣ್ಣಲಾಗುವುದು ವಡಾಪಾವ ಮಾತ್ರ, ಏಕೆಂದರೆ ಅದನ್ನು ನಡೆಯುತ್ತ ತಿನ್ನಬಹುದು. ಊಟದ ಗುಣವನ್ನು ಹಣಕ್ಕಿಂತ ಮೊದಲು ಗಂಟೆ ನಿರ್ಧರಿಸುತ್ತಿದೆ ಎಂಬುದು ಆಡಳಿತದವರಿಗೆ ಹೊಳೆದಂತಿಲ್ಲ. ಆಮೇಲೆ ಒಂದು ಕೋಣೆ. ಹೊಸ ಕಟ್ಟಡ ಬೇಕಿಲ್ಲ. ಮಧ್ಯಾಹ್ನ ಖಾಲಿ ಬಿದ್ದಿರುವ ಒಂದು ತರಗತಿ, ನಾಲ್ಕು ನಲ್ಲಿ, ನೀರಿನ ಶುದ್ಧೀಕರಣ ಯಂತ್ರ, ಎಂಜಲನ್ನು ಗೊಬ್ಬರವಾಗಿಸುವ ಒಂದು ಕುಣಿ.

ಡಬ್ಬಿ ತರಲಾಗದವರಿಗಾಗಿ ಕ್ಯಾಂಟೀನು ಇದೆ. ಅದರ ಹರಾಜು ಹೆಚ್ಚು ಬಾಡಿಗೆ ಕೂಗಿದವರಿಗೆ ಹೋಗುತ್ತದೆ. ಹೆಚ್ಚು ಬಾಡಿಗೆ ಕಟ್ಟಿದವನು ಹೆಚ್ಚು ಲಾಭದ ಪದಾರ್ಥವನ್ನೇ ಮಾರಬೇಕು, ಅದು ಕರಿದದ್ದೂ ಬಾಟಲಿಯದೂ ಆಗಿರುತ್ತದೆ. ಕ್ಯಾಂಟೀನಿನವನನ್ನು ಬೈದು ಉಪಯೋಗವಿಲ್ಲ, ಬದಲಾಗಬೇಕಾದದ್ದು ಕರಾರು. ಬಾಡಿಗೆಯನ್ನು ಹೆಸರಿಗಷ್ಟೇ ಇಟ್ಟು, ಅದಕ್ಕೆ ಬದಲಾಗಿ ಇಷ್ಟು ಬೆಲೆಗೆ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆಯ ಒಂದು ತಾಟು ದಿನಾಲು ಇರಲೇಬೇಕೆಂಬ ಷರತ್ತು ಹಾಕಿದರೆ ಕಾಲೇಜು ಕಳೆದುಕೊಳ್ಳುವುದು ವರ್ಷಕ್ಕೆ ಕೆಲವು ಸಾವಿರ. ಇಷ್ಟು ರೊಟ್ಟಿ ತಟ್ಟುವವರು ಯಾರು ಎಂಬ ಪ್ರಶ್ನೆಗೆ ಸೊಲ್ಲಾಪುರದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿಗಳನ್ನು ಮನೆಯಲ್ಲಿ ಮಾಡಿ ಪುಣೆ ಮುಂಬಯಿಗೆ ಕಳಿಸುವ ಹೆಣ್ಣುಮಕ್ಕಳ ಗುಂಪುಗಳು ಊರ ತುಂಬ ಇವೆ. ಬೀಡಿ ಕಟ್ಟಿ ಬೆರಳು ಸವೆದ ಎಷ್ಟೋ ಮನೆಗಳು ಈ ಕೆಲಸಕ್ಕೆ ತಿರುಗಿವೆ. ಪುಣೆಗೆ ಹೋಗುವ ರೊಟ್ಟಿ ಎರಡು ಓಣಿ ದಾಟಿ ಕಾಲೇಜಿಗೆ ಬರುವುದಿಲ್ಲ. ಅದಕ್ಕೆ ಮುಂಗಡ ಹಣ, ಖಚಿತವಾದ ಸಂಖ್ಯೆ, ಹೊತ್ತಿಗೆ ಸರಿಯಾದ ಪಾವತಿ ಬೇಕು. ಮೂರೂ ಪ್ರಾಚಾರ್ಯರ ಕೈಯಲ್ಲಿರುವ ವಿಷಯಗಳು.

ಕರ್ಮವೀರರ 'ಕಮವಾ ವ ಶಿಕಾ', ಗಳಿಸು ಮತ್ತು ಕಲಿ, ಎಂಬ ಯೋಜನೆ ಇಂದಿಗೂ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ. ಅದರಡಿ ವಿದ್ಯಾರ್ಥಿಗಳು ಗ್ರಂಥಾಲಯದ ಧೂಳು ಹೊಡೆಯುತ್ತಾರೆ, ಕಚೇರಿಯ ಕಡತ ಜೋಡಿಸುತ್ತಾರೆ. ಅದೇ ತಾಸುಗಳನ್ನು ಅಡುಗೆಮನೆಯ ಲೆಕ್ಕ, ಕಾಳಿನ ಖರೀದಿ, ಬಡಿಸುವಿಕೆಗಳಿಗೆ ಕೊಟ್ಟರೆ ಕೂಲಿಯೂ ಊಟವೂ ಒಟ್ಟಿಗೆ ದೊರೆಯುತ್ತದೆ. ಬಡಿಸುವವರಲ್ಲಿ ಎಲ್ಲ ಜಾತಿಯವರೂ, ಹುಡುಗರೂ ಹುಡುಗಿಯರೂ ಇರಬೇಕೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಪೇಟೆಯ ಖೋಲಿಗಳಲ್ಲಿ, ಕೆಲವು ಮೆಸ್ಸುಗಳಲ್ಲಿ ಇಂದಿಗೂ ಅಡ್ಡಹೆಸರು ಕೇಳಿಯೇ ಜಾಗ ಕೊಡುತ್ತಾರೆಂಬುದು ದಲಿತ ವಿದ್ಯಾರ್ಥಿಗಳಿಗೆ ಹೊಸ ಸುದ್ದಿಯಲ್ಲ. ಪಂಕ್ತಿಭೇದವಿರುವ ಕಡೆ ಪೋಷಕಾಂಶದ ಲೆಕ್ಕ ಬರೆಯುವುದರಲ್ಲಿ ಅರ್ಥವಿಲ್ಲ.

ವಿದ್ಯಾರ್ಥಿಗಳಿಗೇ ವಡಾಪಾವ ಬೇಕು, ರೊಟ್ಟಿ ಇಟ್ಟರೆ ಯಾರು ಕೊಳ್ಳುತ್ತಾರೆ ಎಂಬ ಇನ್ನೊಂದು ಮಾತಿದೆ. ಅದರಲ್ಲಿ ಸತ್ಯಾಂಶವಿದೆ. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯರೊಡನೆ ಗಾಡಿಯ ಮುಂದೆ ನಿಂತು ಬಿಸಿ ವಡೆ ಕಚ್ಚುವ ಸುಖವನ್ನು ಯಾವ ಆಹಾರಶಾಸ್ತ್ರವೂ ಕಿತ್ತುಕೊಳ್ಳಬಾರದು. ಪ್ರಶ್ನೆ ಇರುವುದು ಬೇರೆ ಏನೂ ಸಿಗದೆ ಅದನ್ನೇ ದಿನಾಲು ತಿನ್ನಬೇಕಾದವರದು. ಆಯ್ಕೆ ಎನ್ನಲು ಎರಡು ಪದಾರ್ಥಗಳಾದರೂ ಎದುರಿಗಿರಬೇಕು.

ಕನ್ನಡ ವಿಭಾಗ ಚಿಕ್ಕದು. ಆದರೂ ಅದರ ಕೈಲಾದದ್ದು ಇದೆ. ರಾಜ್ಯೋತ್ಸವಕ್ಕೋ ವಿಚಾರ ಸಂಕಿರಣಕ್ಕೋ ಥರ್ಮಾಕೋಲ್ ತಟ್ಟೆಯಲ್ಲಿ ಬರುವ ಪುಲಾವಿನ ಬದಲು ಮಹಿಳಾ ಗುಂಪಿನಿಂದ ರೊಟ್ಟಿ ಊಟ ತರಿಸಿ, ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಒಂದೇ ಸಾಲಿನಲ್ಲಿ ಬಡಿಸಬಹುದು. ಮುಚ್ಚಳದ ಮರೆಯಲ್ಲಿ ಉಣ್ಣುವವರಿಗೆ ಅದರಿಂದ ಆಗುವ ಧೈರ್ಯ ಭಾಷಣದಿಂದ ಆಗದು. ಅಂತಿಮ ವರ್ಷದ ಕಿರುಪ್ರಬಂಧಕ್ಕೆ ಸವೆದ ವಿಷಯಗಳನ್ನೇ ಹುಡುಕುವ ಬದಲು ಹಗೇವು, ಸೀತನಿ, ಬೆಳಸಿ, ಕಣಿಕೆ, ಎಳ್ಳಮಾಸಿಯ ಚರಗ ಇವುಗಳ ಬೆನ್ನು ಹತ್ತಿ ಅಜ್ಜಿಯರನ್ನು ಮಾತಾಡಿಸಿದರೆ ಪದಕೋಶವೂ ಬೆಳೆದೀತು, ಯಾವ ಋತುವಿನಲ್ಲಿ ಯಾವ ಸೊಪ್ಪು ಹೊಲದ ಬದುವಿನಲ್ಲಿ ಸುಮ್ಮನೆ ಸಿಗುತ್ತದೆ ಎಂಬ ತಿಳಿವಳಿಕೆಯೂ ಉಳಿದೀತು. ಹಕ್ಕರಕಿಯ ಹೆಸರನ್ನೇ ಕೇಳದ ವಿದ್ಯಾರ್ಥಿಗಳು ಎರೆಹೊಲದ ಮಕ್ಕಳೇ ಆಗಿದ್ದಾರೆ. ಮರಾಠಿ ವಿಭಾಗದವರನ್ನು ಜೊತೆಗೆ ಕರೆದುಕೊಂಡರೆ ಕೆಲಸ ಇನ್ನೂ ಚೆನ್ನ. ಹುರಡಾ ಮತ್ತು ಸೀತನಿ ಒಂದೇ ಹೊಲದ ಒಂದೇ ತೆನೆಯ ಎರಡು ಹೆಸರುಗಳು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎಲ್ಲರೂ ಓದಿದ್ದಾರೆ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನಿಗೆ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದವಳು ಅವಳು. ವಸತಿಗೃಹಗಳ ಎಂಜಲಿನ ಡ್ರಮ್ಮುಗಳನ್ನು ನೋಡಿದಾಗ ಅವಳ ನೆನಪಾಗುತ್ತದೆ. ಒಂದು ಕಡೆ ತಿನ್ನಲಾಗದೆ ಚೆಲ್ಲಿದ ಅನ್ನ, ಇನ್ನೊಂದು ಕಡೆ ಒಂದೇ ಡಬ್ಬಿಯನ್ನು ಹಂಚಿಕೊಳ್ಳುವ ಇಬ್ಬರು. ವಸತಿಗೃಹದ ಊಟದ ಸಮಿತಿಯಲ್ಲಿ ವಿದ್ಯಾರ್ಥಿಗಳಿಗೆ ಹೆಸರಿಗಲ್ಲದ ಸ್ಥಾನವಿದ್ದರೆ ಇದರಲ್ಲಿ ಅರ್ಧ ಭಾಗವಾದರೂ ಸರಿಹೋಗುತ್ತದೆ.

ಮುಂದಿನ ವರ್ಷದ ವೇಳಾಪಟ್ಟಿ ಸಿದ್ಧವಾಗುವುದು ಜೂನ್ ತಿಂಗಳಲ್ಲಿ. ಕ್ಯಾಂಟೀನಿನ ಕರಾರು ನವೀಕರಣವಾಗುವುದೂ ಅದೇ ಸುಮಾರಿಗೆ. ಅರ್ಧ ತಾಸಿನ ಬಿಡುವು, ಒಂದು ಕೋಣೆ, ಒಂದು ತಾಟಿನ ಷರತ್ತು, ಈ ಮೂರನ್ನು ಬರೆದ ಮನವಿ ಕನ್ನಡ ಮರಾಠಿ ಎರಡೂ ವಿಭಾಗಗಳ ವಿದ್ಯಾರ್ಥಿಗಳ ಸಹಿಯೊಡನೆ ಅದಕ್ಕೆ ಮೊದಲೇ ಪ್ರಾಚಾರ್ಯರ ಮೇಜನ್ನು ಮುಟ್ಟಬೇಕು. ಒಂದು ಪ್ರತಿ ಮರಾಠಿಯಲ್ಲಿಯೂ ಇರಲಿ.